ವಸ್ತ್ರದ ಕೆಳಗಿನ ಕೈ

ಟ್ರ್ಯಾಕ್ಟರ್ ಸ್ಟಾರ್ಟ್ ಆಗದೇ ಇರಬಹುದು. ಸ್ಟಾರ್ಟ್ ಆದರೂ ಬೆಲ್ಟ್ ಹರಿದು, ಹರಿದ ತುದಿ ಚಾಟಿಯ ಹಾಗೆ ಹಾರಿ, ರೊಕ್ಕ ಹಾಕಲು ಬಂದವರೊಬ್ಬರ ಕೆನ್ನೆ ಸೀಳಬಹುದು. ಗೋವಿನಜೋಳದ ಬೆಂಡು ಮಷಿನಿನ ಬಾಯಿಂದ ಗುಂಡಿನಂತೆ ಸಿಡಿದು ಯಾರದೋ ಕನ್ನಡಕ ಒಡೆಯಬಹುದು. ಅವರ ಕಾರು ಹಂಸಭಾವಿ ದಾಟಿ ಕಣದ ದಾರಿಗೆ ಇಳಿದದ್ದೇ ಎರಿಮಣ್ಣಿನಲ್ಲಿ ಹೂತುಕೊಳ್ಳಬಹುದು. ಎಳೆಯುತ್ತೇನೆಂದು ಕಾಕಾ ಎತ್ತು ಕಟ್ಟಿ, ಬಂಪರ್ ಕಿತ್ತು ಅವರ ಕೈಗೆ ಕೊಡಬಹುದು. ‘ನಿಮ್ಮ ಪ್ರತಿಸ್ಪರ್ಧಿಗಳು ಯಾರು?’ ಎಂದು ಅವರು ಕೇಳಬಹುದು. ಕಾಕಾ ಉತ್ತರಿಸಬಹುದು. ಕಾಕಾ ಯಾರಿಗಾದರೂ ಹೊಡೆಯಬಹುದು. ಯಾರಿಗೂ ಹೊಡೆಯದೆ, ಮಷಿನಿನ ಮೇಲೆ ತಮಗೆಷ್ಟು ನಂಬಿಕೆ ಇದೆ ಎಂದು ತೋರಿಸಲು ತಮ್ಮ ಕೈಯನ್ನೇ ಅದರ ಬಾಯಿಗೆ ಇಡಬಹುದು. ಮಷಿನು ನಿಲ್ಲದೇ ಇರಬಹುದು.

ಇದು ನಾನು ಕಾಕಾರ ಬಿಸಿನೆಸ್ ಪ್ಲ್ಯಾನಿಗೆ ಬರೆದ ‘ಅಪಾಯಗಳು’ ಎಂಬ ಅಧ್ಯಾಯದ ಸಾರಾಂಶ. ಮೂಲ ಇದಕ್ಕಿಂತ ಬಹಳ ಉದ್ದವಿತ್ತು. ಉಳಿದ ಅಧ್ಯಾಯಗಳನ್ನೆಲ್ಲ ಕೂಡಿಸಿದರೂ ಅದರಷ್ಟಾಗುತ್ತಿರಲಿಲ್ಲ. ಕಾಕಾ ಅದನ್ನು ನನ್ನ ಬಾಯಿಂದ ಓದಿಸಿ ಕೇಳಿದರು. ಆಮೇಲೆ ಹಾಳೆಗಳನ್ನು ಇಸಿದುಕೊಂಡು, ಎರಡು ಹೋಳು ಮಾಡಿ, ಹೋಳುಗಳನ್ನು ಮತ್ತೆ ಹರಿದರು.

“ಇದನ್ನ ಓದಿದ ಮ್ಯಾಲ ನನ್ನ ಮಷಿನಿಗೆ ನಾನ ರೊಕ್ಕ ಹಾಕೂದಿಲ್ಲಲೇ ಕಂಪ್ಯೂಟರ!”

ಸವಣೂರಿನ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ. ಅರ್ಜಿ, ಹೊಲದ ಪಹಣಿ ಉತಾರ, ಬ್ಯಾಂಕಿಗೆ ಬೇಕಾಗುವ ಪ್ರೊಜೆಕ್ಟ್ ರಿಪೋರ್ಟ್, ಎಲ್ಲ ಮಾಡಿಕೊಡುತ್ತೇನೆ. ಕಾಕಾ ನನ್ನ ಹೆಸರನ್ನು ಒಮ್ಮೆಯೂ ಹಿಡಿದು ಕರೆದವರಲ್ಲ. ಈ ಮನುಷ್ಯ ಎಲ್ಲದಕ್ಕೂ ಹೆದರುತ್ತಾನೆ ಎಂಬುದು ಮಾತ್ರ ಮೊದಲ ದಿನವೇ ಅವರಿಗೆ ತಿಳಿದಿತ್ತು. ನನ್ನ ಹೆಂಡತಿ ಹೇಳುವ ಪ್ರಕಾರ ನನ್ನ ಜಾತಕದಲ್ಲಿ ಒಂಬತ್ತು ಗ್ರಹಗಳ ಜೊತೆಗೆ ಹೆದರಿಕೆ ಎಂಬುದೂ ಒಂದು ಮನೆ ಹಿಡಿದು ಕೂತಿದೆ.

ಮೊನ್ನೆ ಕಾಕಾ ತೀರಿಕೊಂಡರು. ಮಧ್ಯಾಹ್ನ ಉಂಡು, ಎಲೆ ಅಡಿಕೆ ಹಾಕಿಕೊಂಡು, ಕಟ್ಟೆಗೆ ಒರಗಿದವರು ಹಾಗೆಯೇ ಹೋದರು. ಮಣ್ಣಿಗೆ ಬಂದವರಿಗೆಲ್ಲ ಅದನ್ನು ನಂಬುವುದು ಕಷ್ಟವಾಗಿತ್ತು. “ಯಾರ ಜೋಡಿನೂ ಬಡದಾಡದ ಸತ್ತರೇನ್ರಿ?” ಎಂದು ಶಿಗ್ಗಾಂವಿಯ ವೆಲ್ಡಿಂಗ್ ಅಂಗಡಿಯವನು ಮೂರು ಸಲವಾದರೂ ಕೇಳಿದ. ಅವನ ಎಡಗಿವಿ ಇಂದಿಗೂ ಅಷ್ಟಾಗಿ ಕೇಳುವುದಿಲ್ಲ. ಒಂದು ವೆಲ್ಡಿಂಗ್ ಸೊಟ್ಟಗಾದ ದಿನ ಕಾಕಾ ಕೊಟ್ಟ ಏಟು ಅದು.

ಹೊಡೆಯುವುದು ಕಾಕಾರಿಗೆ ಸಿಟ್ಟಿನ ಕೆಲಸವಾಗಿರಲಿಲ್ಲ. ನಮಗೆ ಮಾತಿನ ನಡುವೆ ‘ಅಂದರೆ’, ‘ಅಲ್ಲವೇ’ ಬರುವ ಹಾಗೆ ಅವರಿಗೆ ಏಟು ಬರುತ್ತಿತ್ತು. ಚಹಾ ತಣ್ಣಗಿದ್ದರೆ ಕಪ್ಪು ಗೋಡೆಗೆ. ಬಸ್ಸು ನಿಲ್ಲಿಸದಿದ್ದರೆ ಬಸ್ಸಿಗೇ ಒಂದು ಗುದ್ದು. ನನ್ನ ಪ್ರಿಂಟರು ಕಾಗದ ನುಂಗಿದ ದಿನ ಅದರ ಮುಚ್ಚಳಕ್ಕೆ ಎಂಥ ಪೆಟ್ಟು ಬಿತ್ತೆಂದರೆ, ಕಾಗದ ಹೊರಬಂತು, ಮುಚ್ಚಳ ಮತ್ತೆ ಕೂರಲಿಲ್ಲ. “ನೋಡ್, ಮಾತ ಕೇಳತೈತಿ” ಎಂದರು.

ಮೂಲತಃ ಅವರು ದನದ ಸಂತೆಯ ದಲ್ಲಾಳಿ. ಸಂತೆಯಲ್ಲಿ ವ್ಯಾಪಾರ ಬಾಯಿಂದ ಆಗುವುದಿಲ್ಲ. ಇಬ್ಬರ ಕೈ ಮೇಲೆ ಒಂದು ವಸ್ತ್ರ ಹಾಕುತ್ತಾರೆ. ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ತೋರುಬೆರಳು ಹಿಡಿದರೆ ಒಂದು, ಅದಕ್ಕೆ ನಡುಬೆರಳು ಸೇರಿದರೆ ಎರಡು, ಹೀಗೆ. ಹೆಬ್ಬೆರಳು ಬಿಟ್ಟು ಉಳಿದದ್ದನ್ನೆಲ್ಲ ಗೊಂಚಲಾಗಿ ಹಿಡಿದರೆ ನಾಲ್ಕು. ಇಡೀ ಅಂಗೈ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಕಾಕಾರ ಬಲಗೈಗೆ ಕಿರುಬೆರಳಿರಲಿಲ್ಲ, ಬುಡದಲ್ಲಿ ಒಂದು ಮೊಂಡು ಮಾತ್ರ. ಸಂತೆಯವರಿಗೆಲ್ಲ ಅದು ಗೊತ್ತಿದ್ದರಿಂದ, ಅವರಿಗೆ ನಾಲ್ಕು ಹೇಳಬೇಕಾದವರು ಮೂರು ಬೆರಳು ಹಿಡಿದು ಮೊಂಡನ್ನು ಒಮ್ಮೆ ಚಿವುಟುತ್ತಿದ್ದರು. ಚಿವುಟಿದ ಕೂಡಲೇ ಕಾಕಾ ಅವರ ವಂಶವನ್ನೆಲ್ಲ ಬೈಯುತ್ತಿದ್ದರು. ಬೈಗುಳ ಕೇಳಿ ಸುತ್ತಲಿನವರಿಗೆಲ್ಲ ‘ಓಹೋ ನಾಲ್ಕು’ ಎಂದು ತಿಳಿದು, ವಸ್ತ್ರ ಹೊದಿಸಿದ್ದೇ ದಂಡವಾಗುತ್ತಿತ್ತು.

ವಸ್ತ್ರದ ಕೆಳಗೆ ಒಪ್ಪಿದ ಮೇಲೆ ಹಿಂದೆ ಸರಿಯುವಂತಿಲ್ಲ. ಹತ್ತಿಮತ್ತೂರಿನವನೊಬ್ಬ ಸರಿದ. ಎತ್ತಿನ ಜೋಡಿಗೆ ಕೈ ಕೊಟ್ಟು, ವಸ್ತ್ರ ತೆಗೆದ ಮೇಲೆ, “ನಾ ಕಡಿಮಿ ತಿಳಕೊಂಡಿದ್ದೆರಿ, ಬೆರಳ ಸರಿಯಾಗಿ ತಿಳೀಲಿಲ್ಲ” ಎಂದ. ನಾನು ಅಲ್ಲಿಯೇ ಇದ್ದೆ, ಅಂಥ ಕಡೆ ಇರುವುದೇ ನನ್ನ ಹಣೆಬರಹ. ಕಾಕಾ ಬಾರಕೋಲು ತಿರುಗಿಸಿ ಅದರ ಹಿಡಿಕೆಯಿಂದ ಅವನ ಬಾಯಿಗೇ ಕೊಟ್ಟರು. ಅವನು ಬಿದ್ದ. ಎಬ್ಬಿಸಿ ಇನ್ನೊಂದು ಕೊಟ್ಟರು. ದನಗಳು ಬೆದರಿ ಗೂಟ ಕಿತ್ತುಕೊಂಡು ಓಡಿದವು. “ಕೈ ಸುಳ್ಳ ಹೇಳೂದಿಲ್ಲಲೇ, ನಿನ್ನ ಬಾಯಿ ಹೇಳತೈತಿ!” ಆಮೇಲೆ ಧೂಳಿನಲ್ಲಿ ಬಿದ್ದಿದ್ದ ಅವನ ಹಲ್ಲನ್ನು ಹೆಕ್ಕಿ, ಧೋತರಕ್ಕೆ ಒರೆಸಿ, ಅವನ ಅಂಗಿಯ ಕಿಸೆಗೆ ಹಾಕಿದರು. “ಇದೂ ನಿಂದ, ಎತ್ತೂ ನಿಂದ. ನಡಿ.” ಅವನು ಎತ್ತು ಹೊಡೆದುಕೊಂಡು ಹೋದ.

ಇಂಥವರು ಒಂದು ದಿನ ನನ್ನ ಅಂಗಡಿಯ ಮೆಟ್ಟಿಲೇರಿ, “ನನಗೊಂದು ಬಿಸಿನೆಸ್ ಪ್ಲ್ಯಾನ್ ಬರದ ಕೊಡು” ಎಂದರು. ಹುಬ್ಬಳ್ಳಿಯಲ್ಲಿ ಹೊಸ ಕಂಪನಿಗಳಿಗೆ ರೊಕ್ಕ ಹಾಕುವ ಹೂಡಿಕೆದಾರರು ಇದ್ದಾರೆಂದು, ಅವರು ಮೊದಲು ಪ್ಲ್ಯಾನ್ ಕೇಳುತ್ತಾರೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಅಂಥದ್ದನ್ನು ನಾನು ಹಿಂದೆಂದೂ ಬರೆದವನಲ್ಲ. ‘ಇಲ್ಲ’ ಎನ್ನುವ ಧೈರ್ಯವೂ ಇರಲಿಲ್ಲ. ಇಂಟರ್‌ನೆಟ್‌ನಲ್ಲಿ ನೋಡಿ ಅಧ್ಯಾಯಗಳ ಹೆಸರು ಟೈಪ್ ಮಾಡಿಕೊಂಡೆ.

ಮೊದಲನೆಯದು ‘ಸಮಸ್ಯೆ’.

“ನಿಮ್ಮ ಕಂಪನಿ ಯಾವ ಸಮಸ್ಯೆ ಬಗೆಹರಿಸತೈತಿ, ಅದನ್ನ ಹೇಳಬೇಕರಿ ಕಾಕಾ.”

ಅಲ್ಲಿಯತನಕ ಕುರ್ಚಿಯಲ್ಲಿದ್ದವರು ಎದ್ದು ನಿಂತರು. ಕೂತು ಹೇಳುವ ವಿಷಯ ಅದಾಗಿರಲಿಲ್ಲವೆಂದು ಕಾಣುತ್ತದೆ.

ಸುಗ್ಗಿಯಲ್ಲಿ ಕಾಕಾ ಒಂದು ರಾಶಿ ಮಷಿನು ಇಟ್ಟುಕೊಂಡು, ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಕಣದಿಂದ ಕಣಕ್ಕೆ ಬಾಡಿಗೆಗೆ ಓಡಿಸುತ್ತಿದ್ದರು. ತೆನೆಯನ್ನು ಬಾಯಿಗೆ ಹಾಕಿದರೆ ಒಳಗೆ ಹಲ್ಲಿನ ಡ್ರಮ್ಮು ತಿರುಗಿ ಕಾಳು ಬೇರೆ, ಬೆಂಡು ಬೇರೆ ಮಾಡುತ್ತದೆ. ಅಬಲೂರಿನ ಹೆಣ್ಣುಮಗಳೊಬ್ಬಳು ತೆನೆ ಹಾಕುತ್ತಿದ್ದಳು. ಮಳೆ ಮೋಡ ಏರುತ್ತಿತ್ತು. ‘ಲಗೂನ ಹಾಕವ್ವಾ, ಲಗೂನ!’ ಎಂದು ಕಾಕಾ ಹಿಂದಿನಿಂದ ಒದರುತ್ತಿದ್ದರು.

“ಬರ್ಕೋ” ಎಂದರು. “ತೆನಿ ಮುರಿಯೂ ಸಪ್ಪಳ ಬ್ಯಾರೆ, ಎಲಬ ಮುರಿಯೂ ಸಪ್ಪಳ ಬ್ಯಾರೆ ಅನಕೊಂಡಿದ್ದೆ. ಎರಡೂ ಒಂದಲೇ. ಆಕಿ ಒದರಲಿಲ್ಲ. ನನಗ ತಿಳಿದದ್ದು ಕಾಳಿನ ರಾಶ್ಯಾಗ ಹಸರ ಬಳಿ ಚೂರ ಬಂದು ಬಿದ್ದಾಗ. ಆಮ್ಯಾಲ ಕಾಳ ಕೆಂಪಗಾತು.”

ಓಡಿ ಹೋಗಿ ಅವಳ ತೋಳು ಹಿಡಿದು ಎಳೆದಿದ್ದಾರೆ. ಮಷಿನು ಇನ್ನೊಂದು ಕಡೆಯಿಂದ ಎಳೆದಿದೆ. ತಮ್ಮ ಕೈಯನ್ನೂ ಒಳಗೆ ತೂರಿಸಿದ್ದಾರೆ. ಟ್ರ್ಯಾಕ್ಟರಿನವನು ಇಂಜಿನ್ ಆರಿಸುವಷ್ಟರಲ್ಲಿ ಅವಳ ಬಲಗೈ ಮೊಣಕೈಯತನಕ ಹೋಗಿತ್ತು, ಇವರ ಕಿರುಬೆರಳು ಹೋಗಿತ್ತು. ಅವಳನ್ನು ಜೀಪಿಗೆ ಹಾಕಿ ಕಳಿಸಿದ ಮೇಲೆ, ರಕ್ತ ಸೋರುವ ಕೈಯಲ್ಲೇ ಸುತ್ತಿಗೆ ಹಿಡಿದು, ಆ ಮಷಿನು ತಗಡಿನ ಗುಡ್ಡೆಯಾಗುವತನಕ ಬಡಿದರಂತೆ. ಬಿಡಿಸಲು ಬಂದವರಿಗೂ ಬಡಿದರಂತೆ.

“ಬರದಿ?”

ನಾನು ಬರೆದಿರಲಿಲ್ಲ. ನನ್ನ ಬೆರಳುಗಳನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

‘ಪರಿಹಾರ’ ಎಂಬ ಅಧ್ಯಾಯ ಶಿಗ್ಗಾಂವಿಯ ವೆಲ್ಡಿಂಗ್ ಅಂಗಡಿಯಲ್ಲಿತ್ತು. ಮಷಿನಿನ ಬಾಯಲ್ಲಿ ಒಂದು ತೂಗುಹಲಗೆ. ತೆನೆ ಅದರ ಅಡಿಯಿಂದ ನುಸುಳಿ ಹೋಗುತ್ತದೆ. ಕೈ ಹೋದರೆ ಹಲಗೆ ಮೇಲೇಳುತ್ತದೆ. ಎದ್ದ ಕೂಡಲೇ ಬೆಲ್ಟ್ ಕಳಚಿ ಬಿದ್ದು, ಡ್ರಮ್ಮಿಗೆ ಬ್ರೇಕ್ ಹಿಡಿಯುತ್ತದೆ. ಹೇಳಲು ಇಷ್ಟೇ. ಮಾಡಲು ಅಷ್ಟರಲ್ಲೇ ವರ್ಷಗಳು ಹಿಡಿದಿದ್ದವು, ವೆಲ್ಡಿಂಗಿನವನ ಕಿವಿ ಹಿಡಿದಿತ್ತು. ಪರೀಕ್ಷೆಗೆ ಕುರಿ ಕಾಲು ಹಾಕುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ ಮಟನ್ ಅಂಗಡಿ ಮುಂದೆ ನಿಲ್ಲುವಂತಿಲ್ಲ, ಹಾಗಾಗಿ ಕಾಲು ತರುವ ಕೆಲಸ ನನಗೆ. ನಾನೂ ಲಿಂಗ ಕಟ್ಟಿದವನೇ. ಅದನ್ನು ನೆನಪಿಸಿದಾಗ, “ನಿನ್ನ ಯಾರ ನೋಡತಾರಲೇ” ಎಂದರು. ಬೀಗರೊಬ್ಬರು ನೋಡಿದರು. ಚೀಲ ಎದೆಗವಚಿಕೊಂಡು, ಇದು ಬಿಸಿನೆಸ್ ಪ್ಲ್ಯಾನಿಗೆ ಎಂದೆ. ಅವರು ನಂಬಲಿಲ್ಲ. ಮೊದಮೊದಲು ಎಲುಬಿನ ಚೂರು ಛಾವಣಿಯ ತಗಡಿಗೆ ಸಿಡಿಯುತ್ತಿತ್ತು. ಶಿಗ್ಗಾಂವಿಯ ನಾಯಿಗಳು ಆ ಅಂಗಡಿಯ ಮುಂದೆ ಮುಂಜಾನೆಯಿಂದಲೇ ಬಂದು ಕೂರತೊಡಗಿದವು. ಕಡೆಗೊಂದು ದಿನ ಕಾಲು ಚರ್ಮ ಕೂಡ ತರಚದೆ ಹಾಗೇ ಹೊರಬಂತು. ಕಾಕಾ ಅದನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಾಯಿಗಳ ಕಡೆ ಎಸೆದು, ಸಂತೋಷಕ್ಕೆ ವೆಲ್ಡಿಂಗಿನವನ ಬೆನ್ನಿಗೆ ಗುದ್ದಿದರು. ಅವನು ಮುಗ್ಗರಿಸಿ ಬಿದ್ದ.

‘ಪ್ರತಿಸ್ಪರ್ಧಿಗಳು’ ಎಂಬಲ್ಲಿ, ಹಳೆಯ ಮಷಿನು ಮಾಡುವವರ ಹೆಸರನ್ನೆಲ್ಲ ಹೇಳಿ, ಒಬ್ಬೊಬ್ಬರನ್ನು ಹೇಗೆ ಹೇಗೆ ಒದೆಯಬೇಕೆಂದು ಬರೆಸಿದರು. ನಾನು ‘ಆರೋಗ್ಯಕರ ಪೈಪೋಟಿ’ ಎಂದು ಟೈಪ್ ಮಾಡಿದೆ.

ನಾನು ಏಟು ತಿಂದದ್ದು ‘ತಂಡ’ ಎಂಬ ಅಧ್ಯಾಯದಲ್ಲಿ. ಕಂಪನಿಯನ್ನು ಹತ್ತು ಪಾಲು ಮಾಡಿ, ಆರು ತಮಗೆ, ಮೂರು ರೊಕ್ಕ ಹಾಕುವವರಿಗೆ, ಒಂದು ಆ ಅಬಲೂರಿನ ಹೆಣ್ಣುಮಗಳಿಗೆ ಎಂದು ಕಾಕಾ ಮೊದಲೇ ತೀರ್ಮಾನಿಸಿದ್ದರು. “ಆ ಒಂದನ್ನ ಯಾರರ ಮುಟ್ಟಿದರ ಕೈ ಕಡೀತೇನಿ.” ಸರಕಾರಿ ಅರ್ಜಿ ತುಂಬಿ ತುಂಬಿ ರೂಢಿಯಾದ ನಾನು ಅವಳ ಹೆಸರಿನ ಮುಂದೆ ‘ಫಲಾನುಭವಿ’ ಎಂದು ಬರೆದೆ. ಓದಿ ಹೇಳಿದೆ. ಕಪಾಳಕ್ಕೆ ಬಿದ್ದದ್ದು ನನಗೆ ಮೊದಲು ತಿಳಿಯಲೇ ಇಲ್ಲ. ಫ್ಯಾನಿನ ಸದ್ದು ನಿಂತುಹೋಯಿತು ಎಂದಷ್ಟೇ ಅನಿಸಿತು.

“ಫಲಾನುಭವಿ ಅಲ್ಲಲೇ ಅಕಿ. ಮಾಲಕಿ.”

ತಿದ್ದಿದೆ.

ಹೂಡಿಕೆದಾರರು ಬರುವ ದಿನ ನಾನು ಡೆಟಾಲು, ಹತ್ತಿ, ಬ್ಯಾಂಡೇಜು, ಮೂರು ಆಸ್ಪತ್ರೆಗಳ ಫೋನ್ ನಂಬರು, ಹೊಟ್ಟೆಯುರಿಗೆ ಗುಳಿಗೆ ಇಟ್ಟುಕೊಂಡು ಹಂಸಭಾವಿ ಹತ್ತಿರದ ಕಣಕ್ಕೆ ಹೋದೆ. ಕಾರು ಹೂತುಕೊಳ್ಳಲಿಲ್ಲ. ಇಬ್ಬರು ಇಳಿದರು. ಒಬ್ಬ ಲ್ಯಾಪ್‌ಟಾಪ್ ಹಿಡಿದ ಯುವಕ. ಇನ್ನೊಬ್ಬರು ಹುಬ್ಬಳ್ಳಿಯ ಹಿರಿಯ ವ್ಯಾಪಾರಿ, ಬಿಳಿ ಅಂಗಿಯವರು. ಮಾತು ಕಡಿಮೆ. ಆ ಹೆಣ್ಣುಮಗಳು ಮಷಿನಿನ ಪಕ್ಕ ನಿಂತಿದ್ದಳು. ಬಲಗಡೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು, ಎಡಗೈ ತುಂಬ ಹಸಿರು ಬಳೆ.

ಮಷಿನು ಶುರುವಾಯಿತು. ಬೆಲ್ಟ್ ಹರಿಯಲಿಲ್ಲ. ಕಾಕಾ ಕುರಿ ಕಾಲು ಹಾಕಿದರು. ಹಲಗೆ ಎದ್ದಿತು, ಬೆಲ್ಟ್ ಬಿತ್ತು, ಡ್ರಮ್ಮು ನಿಂತಿತು. ಮತ್ತೆ ಬೆಲ್ಟ್ ಏರಿಸಿ ಓಡಿಸಿದರು.

ಯುವಕ ಕನ್ನಡಕ ಸರಿಪಡಿಸಿಕೊಂಡು ಹೇಳಿದ: “ಕುರಿ ಕಾಲಿಗೆ ನಿಲ್ಲುತ್ತದೆ, ನೋಡಿದೆವು. ಆದರೆ ಕುರಿ ಕಾಲು ಗಾಬರಿಯಾಗುವುದಿಲ್ಲ ಸರ್. ಮನುಷ್ಯರ ಕೈ ಎಳೆದಾಡುತ್ತದೆ. ಅದಕ್ಕೆ ನಿಲ್ಲುತ್ತದೆ ಅಂತ ಹೇಗೆ ನಂಬಬೇಕು?”

ಕಾಕಾ ಕೈ ಎತ್ತಿದರು. ಹೊಡೆದೇ ಬಿಟ್ಟರು ಎಂದು ನಾನು ಕಣ್ಣು ಮುಚ್ಚಿದೆ. ಅವರು ಅಂಗಿಯ ತೋಳು ಮಡಿಸುತ್ತಿದ್ದರಂತೆ. ಆಗ ಬಳೆಗಳ ಸದ್ದು ಕೇಳಿತು.

ಕಣ್ಣು ತೆರೆದಾಗ ಆ ಹೆಣ್ಣುಮಗಳ ಎಡಗೈ, ಅವಳಿಗಿದ್ದ ಒಂದೇ ಕೈ, ಮಷಿನಿನ ಬಾಯೊಳಗಿತ್ತು.

ಫಟ್ ಎಂದು ಬೆಲ್ಟ್ ಬಿತ್ತು. ಟ್ರ್ಯಾಕ್ಟರು ಬರಿದೇ ಗುಡುಗುಡು ಎನ್ನುತ್ತಿತ್ತು. ಡ್ರಮ್ಮು ನಿಂತಿತ್ತು. ಅವಳು ಕೈ ಹೊರಗೆಳೆದು, ಹಿಂದೆ ಮುಂದೆ ತಿರುಗಿಸಿ, ಬಳೆ ಸರಿಸಿ ನೋಡಿಕೊಂಡಳು. ಒಂದು ಬಳೆಯೂ ಒಡೆದಿರಲಿಲ್ಲ.

“ಒಂದ ಕೈ ಇದರ ಜಾತಿಗೆ ಕೊಟ್ಟೇನಿ” ಎಂದಳು ಯುವಕನಿಗೆ. “ನನ್ನ ಗುರುತು ಹಿಡೀತೈತಿಲ್ಲೋ ನೋಡೂಣಂತ.”

ಕಾಕಾ ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾವನ್ನು ಬೀಸಿ ಒಗೆದರು. ಅದು ಟ್ರ್ಯಾಕ್ಟರಿನ ದೀಪ ಒಡೆಯಿತು. ಮಷಿನಿಗೆ ಒದ್ದರು. ಅವಳ ಕಡೆ ನುಗ್ಗಿದರು. ನಾನು ಡೆಟಾಲಿನ ಬಾಟಲಿ ಹಿಡಿದುಕೊಂಡು ನಡುವೆ ಹೋದೆ, ಯಾಕೆ ಹೋದೆನೋ ಇವತ್ತಿಗೂ ತಿಳಿಯದು. ಅವರು ನನ್ನನ್ನು ಬದಿಗೆ ತಳ್ಳಿ ಅವಳೆದುರು ನಿಂತರು, ಎತ್ತಿದ ಕೈಯಿಂದ ತಮ್ಮ ಕಪಾಳಕ್ಕೇ ಹೊಡೆದುಕೊಂಡರು. ಮತ್ತೆ ಹೊಡೆದುಕೊಂಡರು. ಆ ಕೈ, ಈ ಕೈ, ಗ್ರೀಸು ಮೆತ್ತಿದ ಎರಡೂ ಕೈ. ಮುಖವೆಲ್ಲ ಕಪ್ಪಾಯಿತು, ತುಟಿ ಒಡೆದು ರಕ್ತ ಬಂತು. ನಾನು ಅವರಿಂದ ನೋಡಿದ ಹೊಡೆತಗಳಲ್ಲೆಲ್ಲ ಅವು ಜೋರಿನವು.

“ಸಾಕ ಬಿಡ್ರಿ ಅಣ್ಣಾರ” ಎಂದಳು ಅವಳು. “ಮಂದಿ ನೋಡಾಕತ್ತಾರ.”

ಕಾಕಾ ಕಣದಲ್ಲಿ ಕುಕ್ಕರಿಸಿದರು. ಎಲ್ಲ ಮುಗಿಯಿತು, ಇವರು ಇನ್ನು ಕಾರು ಹತ್ತಿ ಹೋಗುತ್ತಾರೆ ಎಂದುಕೊಂಡೆ. ಯುವಕನ ಮುಖದಲ್ಲಿ ಬಣ್ಣವಿರಲಿಲ್ಲ. ಆದರೆ ಹಿರಿಯರು ಬಂದು ಕಾಕಾರ ಎದುರಿಗೆ, ಬಿಳಿ ಪ್ಯಾಂಟಿನಲ್ಲೇ, ಬೆಂಡಿನ ಗುಡ್ಡೆಯ ಮೇಲೆ ಕೂತರು.

“ಸಂತೀ ದಲ್ಲಾಳಿ ಅಂತ ಪ್ಲ್ಯಾನಿನ್ಯಾಗ ಬರದಿದ್ರಿ, ಖರೇನ?”

“ಹೌದ್ರಿ.”

“ನಮ್ಮಪ್ಪಾರೂ ಅದ ಮಾಡತಿದ್ರು. ಕಾಗದ ಬಿಡ್ರಿ. ಕೈ ಕೊಡ್ರಿ ಇಲ್ಲಿ.”

ಹೆಗಲ ಮೇಲಿನ ವಸ್ತ್ರವನ್ನು ಕಾಕಾ ತೆಗೆದು ಹಾಸಿದರು. ಅದರ ಕೆಳಗೆ ಎರಡು ಕೈ ಸೇರಿದವು. ವಸ್ತ್ರ ಒಮ್ಮೆ ಅಲುಗಿತು. ಸಂತೆಯಲ್ಲಾದರೆ ಬಹಳ ಹೊತ್ತು ಅಲುಗುತ್ತಿತ್ತು, ತಲೆ ಅಲ್ಲಾಡುತ್ತಿತ್ತು, ಒಬ್ಬರು ಎದ್ದು ಹೋದಂತೆ ಮಾಡುತ್ತಿದ್ದರು. ಇಲ್ಲಿ ಏನೂ ಇಲ್ಲ. ಒಂದೇ ಸಲಕ್ಕೆ ಕಾಕಾ “ಆತ್ರಿ” ಎಂದರು. ಹಿರಿಯರೂ “ಆತ್ರಿ” ಎಂದರು. ಇಬ್ಬರ ಮುಖದಲ್ಲೂ, ಎದುರಿನವನು ಚೌಕಾಸಿ ಮಾಡಲಿಲ್ಲವಲ್ಲ ಎಂಬ ಒಳಗೊಳಗಿನ ಖುಷಿ. ಜಗತ್ತಿನಲ್ಲಿ ಯಾವ ವ್ಯಾಪಾರದಲ್ಲೂ ಇಬ್ಬರಿಗೂ ಅಷ್ಟು ಖುಷಿಯಾಗುವುದಿಲ್ಲ. ಹೆದರಬೇಕಾದದ್ದು ಅಲ್ಲಿ. ನಾನು ಆಗಲೇ ಗುಳಿಗೆ ನುಂಗಿ ಮಂಡಕ್ಕಿ ತಿನ್ನತೊಡಗಿದ್ದೆ.

“ನಾವು ಬರದ ಪಾಲಿಗೇ ಒಪ್ಪಿದರು” ಎಂದರು ಕಾಕಾ, ಕಾರು ಹೋದ ಮೇಲೆ. “ಮೂರ ಬೆರಳ ಹಿಡದರು. ದೊಡ್ಡ ಮನಷ್ಯಾ.”

ಕೆಲವು ದಿನಗಳಲ್ಲಿ ಹುಬ್ಬಳ್ಳಿಯಿಂದ ಕರಾರು ಬಂತು. ಅಂಗಡಿಯಲ್ಲಿ ಕಾಕಾ ಇದ್ದರು, ಸಹಿಗೆಂದು ಅವಳೂ ಬಂದಿದ್ದಳು. ನಾನು ಓದುತ್ತ ಹೋದೆ. ಹೂಡಿಕೆದಾರರ ಪಾಲು, ಹತ್ತರಲ್ಲಿ ನಾಲ್ಕು.

ಕಾಕಾ ಮೇಜಿಗೆ ಗುದ್ದಿದರು. ಮಾನಿಟರು ಹಾರಿ ಕೂತಿತು. “ಹಚ್ಚ ಫೋನು!” ಹಚ್ಚಿ, ಸ್ಪೀಕರ್ ಹಾಕಿ, ದೂರ ನಿಂತೆ.

“ಸಾವ್ಕಾರ್ರ, ಅವತ್ತ ವಸ್ತ್ರದಾಗ ಎಷ್ಟ ಹಿಡದಿದ್ರಿ?”

“ನಾಲ್ಕರಿ” ಎಂದಿತು ಆ ಕಡೆಯ ದನಿ, ಏನೂ ಅಳುಕಿಲ್ಲದೆ. “ಹೆಬ್ಬಟ್ಟ ಬಿಟ್ಟು ಎಲ್ಲಾ ಬೆರಳ ಹಿಡದೆ. ನೀವು ಆತ್ರಿ ಅಂದ್ರಿ. ಯಾಕ್ರಿ?”

ಬಯ್ಗುಳಕ್ಕೆಂದು ಕಾಕಾರ ಬಾಯಿ ತೆರೆದಿತ್ತು. ಹಾಗೆಯೇ ಅವರು ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. ಹೆಬ್ಬೆರಳು ಬಿಟ್ಟು ಎಲ್ಲ ಬೆರಳು, ಆ ಕೈಯಲ್ಲಿ ಅವು ಮೂರೇ. ಹುಬ್ಬಳ್ಳಿಯವರಿಗೆ ಮೊಂಡು ಚಿವುಟಬೇಕೆಂದು ಯಾರು ಹೇಳಿದ್ದರು?

“ಏನಿಲ್ರಿ” ಎಂದರು. “ಕೇಳಿದೆ ಅಷ್ಟ. ನಾಲ್ಕ. ಆತ್ರಿ.”

ಫೋನು ಇಟ್ಟ ಮೇಲೆ ನಾನು ಜೀವಮಾನದಲ್ಲಿ ಮೊದಲ ಸಲ ಅವರನ್ನು ಜಗಳಕ್ಕೆ ಹಚ್ಚಲು ನೋಡಿದೆ. “ಬೆರಳಿಲ್ಲ ಅಂತ ಹೇಳ್ರಿ ಕಾಕಾ! ಅವರು ಒಳ್ಳೇವ್ರು, ಒಂದ ಮಾತಿನ್ಯಾಗ ತಿದ್ದತಾರ. ತಿಳೀಲಿಲ್ಲ ಅಂತ ಹೇಳಿದರ ಏನ ತಪ್ಪು?”

“ಹತ್ತಿಮತ್ತೂರಾಂವನೂ ಅದನ್ನ ಹೇಳಿದ್ದಲೇ” ಎಂದರು ಕಾಕಾ. “ಆಂವನ ಹಲ್ಲ ನಾನ ಉದರಿಸಿದ್ನೆಲ್ಲ.”

ಆಮೇಲೆ ಅವರು ಪೆನ್ನು ಕೇಳಿ, ಪ್ಲ್ಯಾನಿನಲ್ಲಿ ತಮ್ಮ ಹೆಸರಿನ ಮುಂದಿದ್ದ ಆರನ್ನು ಹೊಡೆದು ಹಾಕಿ ಐದು ಮಾಡಿದರು. ಕಾಗದ ಹರಿಯುವಷ್ಟು ಒತ್ತಿ ಬರೆದರು. ಅವಳು ಬಗ್ಗಿ ನೋಡಿದಳು.

“ನನ್ನ ಪಾಲ ತಗದ ಕೊಡ್ರಿ ಅಣ್ಣಾರ. ನಿಮ್ಮದ್ಯಾಕ ಕಡಿಮಿ ಮಾಡಕೋತೀರಿ?”

“ಬಾಯಿ ಮುಚ್ಚ ತಂಗಿ.”

“ಹಂಗಾರ ನಿಮ್ಮ ಆ ಒಂದ ಪಾಲ ಎಲ್ಲಿ ಹೋತ್ರಿ?”

ಕಾಕಾ ಕೈ ಮುಂದೆ ಚಾಚಿ, ಕಿರುಬೆರಳು ಇರಬೇಕಾದ ಜಾಗವನ್ನು ತೋರಿಸಿದರು.

“ಮಷಿನ್ ತಿಂತು” ಎಂದರು. “ನಿನ್ನ ಎಳಿಯಾಕ ಹೋದಾಗ.”

ಅವಳು ಮೊದಲು ನಕ್ಕಳು. ಆಮೇಲೆ ಕಾಕಾರೂ ನಗತೊಡಗಿ, ಮೇಜಿಗೆ ಇನ್ನೊಂದು ಗುದ್ದು ಕೊಟ್ಟರು. ಪ್ರಿಂಟರಿನ ಮುಚ್ಚಳ ಕೆಳಗೆ ಬಿತ್ತು. ಅದನ್ನು ಎತ್ತಲು ಬಗ್ಗಿದ ನಾನು, ಹರಿದು ಹೋದ ನನ್ನ ಆ ಉದ್ದದ ಅಧ್ಯಾಯವನ್ನು ನೆನೆದೆ. ಬೆಲ್ಟು, ಬಂಪರು, ಕನ್ನಡಕ, ಕೆನ್ನೆ, ಆಗಬಹುದಾದ ಎಲ್ಲವನ್ನೂ ಅದರಲ್ಲಿ ಎಣಿಸಿಟ್ಟಿದ್ದೆ. ಕಾಕಾರ ಬೆರಳು ಎಣಿಸಿರಲಿಲ್ಲ.